ಮೈನಸ್ ಎಂಬತ್ತರಲ್ಲಿ ನಿನ್ನ ಸೀಸೆಗಳು

ನಮ್ಮ ಮನೆ,
ನವೆಂಬರ್ ೯, ಭಾನುವಾರ

ಪ್ರೀತಿಯ ಇವಳೇ,

ಹೆಸರು ಹಿಡಿದು ಕರೆಯುವುದನ್ನು ಈ ವಯಸ್ಸಿನಲ್ಲಿ ಕಲಿಯಲಾರೆ, ಹೀಗೇ ಓದಿಕೋ. ಮಂಡಿನೋವು ಹೇಗಿದೆ? ಆ ಊರಿನ ಲ್ಯಾಬಿನಲ್ಲೂ ಎತ್ತರದ ಸ್ಟೂಲಿನ ಮೇಲೆ ಕಾಲು ಇಳಿಬಿಟ್ಟೇ ಕೂರುತ್ತೀಯೋ, ಇಲ್ಲ ಬೈಯುವವರು ಯಾರಾದರೂ ಸಿಕ್ಕಿದ್ದಾರೋ? ನಾನು ಚೆನ್ನಾಗಿದ್ದೇನೆ. ಬಿಪಿ ಮಾತ್ರ ಈ ವಾರ ಏರಿತ್ತು. ಕಾರಣ ನಿನ್ನ ಹಳೆಯ ಸಂಸ್ಥೆ.

ಬುಧವಾರ ಅಲ್ಲಿಂದ ಫೋನು ಬಂತು. ಹೊಸ ನಿರ್ದೇಶಕ ಮೈನಸ್ ಎಂಬತ್ತು ಡಿಗ್ರಿಯ ಹಳೆಯ ಫ್ರೀಜರುಗಳನ್ನು ಖಾಲಿ ಮಾಡಿಸುತ್ತಿದ್ದಾನಂತೆ, ವಾರಸುದಾರರಿಲ್ಲದ್ದೆಲ್ಲ ಕಸಕ್ಕಂತೆ. ನೀನು ಮೊಲಗಳನ್ನು ಸಾಕಿ, ಅವುಗಳ ರಕ್ತದಿಂದ ತೆಗೆದಿಟ್ಟ ಪ್ರತಿಕಾಯದ ಸೀಸೆಗಳೂ ಅದರಲ್ಲಿದ್ದವು. ವಾರಸುದಾರರಿಲ್ಲವಂತೆ! ನಾನೇನು ಸತ್ತಿದ್ದೆನೆ? ಛತ್ರಿ ಹಿಡಿದು ಹೊರಟೆ. "ಸಾರ್, ಇದೆಲ್ಲ ಈಗ ಕಂಪನಿಯಿಂದಾನೇ ರೆಡಿ ಬರುತ್ತೆ. ಹಳೇದ್ಯಾಕೆ ಇಟ್ಕೋಬೇಕು?" ಅಂದ ಆ ನಿರ್ದೇಶಕ. "ಅಜ್ಜಿನೂ ಹಳೇದಾದ್ಲು ಅಂತ ಎಸೀತೀಯೇನಪ್ಪ?" ಅಂದೆ. ಪಕ್ಕದ ಗುಮಾಸ್ತೆ ಫೈಲಿನ ಹಿಂದೆ ಮುಖ ಮುಚ್ಚಿಕೊಂಡಳು. ಆಮೇಲೆ ನೀನು ಊಟದ ಹೊತ್ತಿನಲ್ಲಿ ಕಲಿಸಿದ ಪಾಠವನ್ನೆಲ್ಲ ಒಪ್ಪಿಸಿದೆ: ಡಿ ವಿಟಮಿನ್ನು ರಕ್ತದಲ್ಲಿ ಒಂಟಿಯಾಗಿ ಸಾಗಲಾರದು, ಹೊತ್ತೊಯ್ಯಲು ಒಂದು ಪ್ರೋಟೀನು ಬೇಕು, ಆ ಪ್ರೋಟೀನು ಎಷ್ಟಿದೆಯೆಂದು ಅಳೆಯಲು ಅದನ್ನೇ ಗುರುತಿಸಿ ಹಿಡಿಯುವ ಪ್ರತಿಕಾಯ ಬೇಕು, ನೀವು ಪೇಟೆಯಿಂದ ತರಿಸಿದ್ದು ಅದರ ದಾಯಾದಿ ಆಲ್ಬುಮಿನ್ನನ್ನೂ ತಬ್ಬಿಕೊಂಡು ಲೆಕ್ಕ ಕೆಡಿಸಿತ್ತು, ಇವಳದ್ದು ಅಷ್ಟು ಗದ್ದಲದಲ್ಲೂ ಸರಿಯಾದವರನ್ನೇ ಹಿಡಿಯಿತು. ನಿನ್ನ ಮೊಲದ ಕೋಣೆ ಮುಚ್ಚಿಸಿ ಮುರುಕು ಕುರ್ಚಿ ತುಂಬಿದ್ದು ಇದೇ ಸಂಸ್ಥೆ ಎಂಬುದನ್ನೂ ಬಿಡಲಿಲ್ಲ. ಮರೆಯುವುದಕ್ಕೆ ಅವರಿಗೆ ಸಂಬಳ ಬರುತ್ತದೆ, ನನಗಿಲ್ಲ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ನಗುತ್ತಿದ್ದೆಯಲ್ಲ, ನೀನು ಹಿಡಿದವಕ್ಕೆ ನಾಲ್ಕೂ ಕಾಲಿದ್ದವು ಎಂದು ಸಾಧಿಸಿಯೇ ಬಂದೆ. ತಿಂಗಳ ಕೊನೆಯವರೆಗೆ ಇಟ್ಟುಕೊಳ್ಳಲು ಒಪ್ಪಿದ್ದಾನೆ.

ಮೊನ್ನೆ ಸೇತುವೆಯ ಮೇಲೆ, ನಿನ್ನ ಹಾಗೇ ಬಲಕ್ಕೆ ವಾಲಿಕೊಂಡು ಒಬ್ಬಾಕೆ ನಡೆಯುತ್ತಿದ್ದಳು. "ಇವಳೇ" ಎಂದು ಕೂಗಿಯೇಬಿಟ್ಟೆ. ತಿರುಗಿ, "ಯಾರು ಬೇಕಿತ್ತು ಯಜಮಾನ್ರೇ?" ಅಂದಳು. ನಾನೂ ಆ ಪೇಟೆಯ ಮಾಲೇ ಕಣೇ, ತಪ್ಪಾದವರನ್ನು ಹಿಡಿದೆ. ಹಾಸಿಗೆಯಲ್ಲಿ ನಿನ್ನ ಕಡೆ ಖಾಲಿ ಕಾಣಬಾರದೆಂದು ಪುಸ್ತಕ ಪೇರಿಸಿದ್ದೇನೆ. ಎಲ್ಲ ಓದಿದವೇ, ಒಂದೂ ಗೊರಕೆಗೆ ತಿವಿಯುವುದಿಲ್ಲ. "ಒಂದು ವರ್ಷ ಅಷ್ಟೇ ರೀ" ಎಂದು ಹೋದವಳು ನೀನು. ಆ ವರ್ಷ ಮರಿ ಹಾಕಿತು. ಈಗ "ಮುಂದಿನ ಬೇಸಗೆ" ಎನ್ನುತ್ತೀಯ. ಕೆಲಸ ದೊಡ್ಡದು, ಗೊತ್ತು. ಬೇಡವೆಂದವನಲ್ಲ.

ಮಂಡಿಗೆ ಬಿಸಿ ಶಾಖ ಕೊಟ್ಟುಕೋ, ಮೊಂಡುತನ ಬೇಡ. ಅಲ್ಲಿ ದಿನಾ ನಿನ್ನ ಎದುರು ಕೂತು ಉಣ್ಣುವವರು ಸುಖವಾಗಿರಲಿ. ಅವರ ಮೇಲೆ ನನಗೆ ಹೊಟ್ಟೆಕಿಚ್ಚು.

ನಿನ್ನ
ರೀ

ತಾ.ಕ.: ಸೀಸೆಗಳನ್ನು ಒಣ ಮಂಜುಗಡ್ಡೆಯಲ್ಲಿಟ್ಟು ನೀನಿರುವಲ್ಲಿಗೇ ಕಳಿಸಿಕೊಡುತ್ತೇವೆಂದು ಆ ನಿರ್ದೇಶಕ ಹೇಳಿದ, ಪಾಪ, ಒಳ್ಳೆಯ ಮನಸ್ಸಿನಿಂದಲೇ. "ಬೇಡಪ್ಪ, ದಾರೀಲಿ ಕೆಟ್ಟುಹೋಗುತ್ತೆ, ಅವಳೇ ಬಂದು ತಗೊಂಡು ಹೋಗ್ತಾಳೆ" ಅಂದುಬಿಟ್ಟೆ. ಕೆಡುವುದಿಲ್ಲವೆಂದು ನನಗೂ ಗೊತ್ತು. ಬಾ.