ಸಾಹುಕಾರರು ಮಾಡಿದ ಸೀಮಂತ

ಕಾರಟಗಿ
ಸೀಗಿ ಹುಣ್ಣಿಮೆಯ ಮರುದಿನ, 1979

ಭೂಮಿತಾಯಿಯ ಏಕಮಾತ್ರ ಸುಪುತ್ರರಾದ ವೆಂಕೋಬ ಸಾಹುಕಾರರ ಚಪ್ಪಲಿ ಸಮೇತ ಪಾದಗಳಿಗೆ, ನಿಮ್ಮ ಗದ್ದಿಯ ಕೂಲಿ ದುರುಗವ್ವನ ಮಗನ ನಮಸ್ಕಾರ.

ನಿನ್ನೆ ನೀವು ಬಸುರಿ ಭೂಮಿತಾಯಿಗೆ ಮಾಡಿದ ಸೀಮಂತ ಭಾಳ ಛಲೋ ಆತ್ರಿ. ಹಸಿರು ಬಳಿ, ಹೋಳಿಗಿ, ಪುಂಡಿಪಲ್ಯ ಎಲ್ಲಾ ಇತ್ತು. ಮೊನ್ನೆಯಷ್ಟೇ ಆಕಿಗೆ ಹುಳ ಕೊಲ್ಲೋ ಎಂಡ್ರಿನ್ ಎಣ್ಣಿ ಕುಡಿಸಿದ್ರಿ. ಬಾಯಿ ಕಹಿ ಆಗಿರಬೇಕು ಅಂತ ಹೋಳಿಗಿ ತಂದಿರಿ ಅಂದುಕೊಂಡೆ. ಗದ್ದಿಯ ಕಪ್ಪಿ, ಏಡಿ, ಮೀನು ಎಲ್ಲಾ ಹೊಟ್ಟಿ ಮ್ಯಾಲ ಮಾಡಿ ಮಲಗಿ ನಿಮ್ಮನ್ನು ಹರಸಿದವು. ನೀವು ಬದುವಿನ ಮ್ಯಾಲ ಮೂಗಿಗೆ ಟವೆಲ್ ಹಿಡಿದು ನಿಂತು, "ದುರುಗಿ, ಒಳಗ ಇಳದು ಚರಗ ಚೆಲ್ಲಬೇ, ತಾಯಿ ಹಸದಾಳ" ಅಂದ್ರಿ. ಅವ್ವ ನೈವೇದ್ಯದ ಅನ್ನ ಗದ್ದಿ ತುಂಬ ಚೆಲ್ಲಿ ಬಂದಳು. ಆಕಿಯ ಕಾಲು ಮೊಣಕಾಲ ತನಕ ಸುಟ್ಟಂಗ ಆಗ್ಯಾವು. ಇವತ್ತು ಮತ್ತ ಎಣ್ಣಿ ಹೊಡಿಸ್ತೀರಂತ, ನಾಳಿ ಕಳೆ ಕೀಳಾಕ ಬಾ ಅಂದೀರಂತ.

ನನ್ನ ಅರ್ಜಿ ಇಷ್ಟೇ. ಎಣ್ಣಿ ಹೊಡೆದ ಮ್ಯಾಲ ಎಂಟು ದಿನ ಯಾರನ್ನೂ ಗದ್ದಿಗೆ ಇಳಿಸಬ್ಯಾಡ್ರಿ.

ಎಣ್ಣಿ ಹೊಡಿಯೋ ಪಂಪಿನ ಹಿತ್ತಾಳಿ ಮೂತಿ ಕಾಣವಲ್ದು ಅಂತ ಆಳಿಗೆ ಬೈದಿರಂತ. ಆ ಬಡಪಾಯಿ ಕದ್ದಿಲ್ಲರಿ. ನಿನ್ನೆ ಚರಗದ ಅನ್ನದ ಉಂಡಿಯೊಳಗ ನಾನೇ ಅದನ್ನು ಇಟ್ಟಿದ್ದೆ, ಅವ್ವಗೂ ಗೊತ್ತಿಲ್ಲ. ಈಗದು ಗದ್ದಿ ನಡುವಿನ ಕೆಸರಿನಾಗ ಐತಿ. ಬೇಕಾದ್ರ ಚಪ್ಪಲಿ ಬಿಟ್ಟು, ನೀವೇ ಇಳದು ಹುಡುಕ್ರಿ. ತಾಯಿ ಮಡಿಲು ಅಲ್ಲೇನ್ರಿ, ಅಂಜಿಕಿ ಯಾಕ?

ಬದುವಿನ ಮ್ಯಾಲ ಟವೆಲ್ ಹಿಡಿದು ನಿಂತು ಕಾಯುವ,
ಹೊಳಿಯಪ್ಪ