ಗುಂಟೂರಿಗೆ ಹೋಗದವರು

ಆದವಾನಿ
೧೫ ಫೆಬ್ರುವರಿ ೨೦೨೪

ಪ್ರೀತಿಯ ಅನಂತ,

ನೀನು ಫೋನು ತೆಗೆಯುತ್ತಿಲ್ಲ. ಪಕ್ಕದ ಮನೆಯ ಗೋವರ್ಧನ ಕರ್ನೂಲಿನ ಬಸ್ಸಿಗೆ ಹೊರಟಿದ್ದಾನೆ, ಇದನ್ನು ಅವನ ಕೈಯಲ್ಲಿ ಕೊಡುತ್ತಿದ್ದೇನೆ.

ಅಮ್ಮನ ಕಣ್ಣು ಹಳದಿಯಾಗಿದೆ. ತಿಂದದ್ದು ನಿಲ್ಲುತ್ತಿಲ್ಲ. ಹೂ ಕಟ್ಟುತ್ತ ಕೂತಲ್ಲೇ ಕತ್ತು ಬಾಗಿಬಿಡುತ್ತದೆ. ಬಳ್ಳಾರಿಯ ಡಾಕ್ಟರು ಯಕೃತ್ತು ಕೆಟ್ಟಿದೆ ಎಂದರು. ನೀನು ಕಳಿಸುವ ಮಂಡಿನೋವಿನ ಮಾತ್ರೆ ತೋರಿಸಿದೆ. ಅವರು ಫೋನಿನಲ್ಲೇ ಆ ಮಾತ್ರೆಯ ಮೇಲೆ ನೀನು ಬರೆದ ಸಂಶೋಧನಾ ಪ್ರಬಂಧ ತೆಗೆದು ನೋಡಿ, ಇದರಿಂದ ಯಕೃತ್ತಿಗೆ ತೊಂದರೆಯಿಲ್ಲವೆಂದು ನಿಮ್ಮ ತಮ್ಮನೇ ಬರೆದಿದ್ದಾರಲ್ಲ ಎಂದು ನಕ್ಕರು. ಅಮ್ಮ ಆ ಮಾತನ್ನೇ ಹಿಡಿದಿದ್ದಾಳೆ. ಡಬ್ಬಿ ಬಚ್ಚಿಟ್ಟರೆ ಊಟ ಬಿಡುತ್ತಾಳೆ. ನನ್ನ ಮಗ ಬೇಡ ಅಂದ್ರ ಬಿಡ್ತೀನಿ, ನೀ ಏನು ಡಾಕ್ಟರೇನು ಅನ್ನುತ್ತಾಳೆ. ನನ್ನ ಎಂ.ಎ.ಗೆ ಅವಳಲ್ಲಿ ಅಷ್ಟೇ ಬೆಲೆ.

ಹೋದ ವಾರ ಕೊಂಡಮ್ಮನ ಮನೆಗೆ ಹೋಗಿದ್ದೆ. ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ಹಸನು ಮಾಡುವವಳು. ನೀನು ಇಲ್ಲಿ ಈ ಮಾತ್ರೆಯ ಪರೀಕ್ಷೆ ನಡೆಸಿದಾಗ ಸೇರಿದ್ದವಳು, ನಡುವೆ ಬರುವುದನ್ನು ಬಿಟ್ಟಳು. ಸುಗ್ಗಿಯಲ್ಲಿ ನಮ್ಮ ಕಡೆ ಯಾರು ಕಾಣದಿದ್ದರೂ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಹೋಗಿದ್ದಾರೆ ಅಂದುಕೊಳ್ಳುವುದೇ ರೂಢಿ. ನಿನ್ನವರೂ ಹಾಗೇ ಬರೆದುಕೊಂಡು, ಅವಳನ್ನೂ ಅವಳಂಥವರನ್ನೂ ಲೆಕ್ಕದಿಂದ ಬಿಟ್ಟರೆಂದು ನಿನ್ನ ನರ್ಸ್ ಮಾಧವಿಯೇ ಹೇಳಿದಳು. ಕೊಂಡಮ್ಮನಿಗೆ ಅದನ್ನು ತಿಳಿಸಿದರೆ ನಕ್ಕೇಬಿಟ್ಟಳು.

"ಎಲ್ಲಿ ಗುಂಟೂರ್ರಿ ಅಕ್ಕಾರ, ಬಚ್ಚಲ ತನಕ ಹೋಗಾಕ ಆಗಿದ್ದಿಲ್ಲ. ಪಚ್ಚಕಾಮೆರ್ಲಾಗಿ ಮಕ್ಕೊಂಡಿದ್ದೆ. ಯಾರರ ಬಂದು ಕೇಳ್ಯಾರೇನ್ರಿ?"

ಆ ಓಣಿಯಲ್ಲೇ ಇನ್ನಿಬ್ಬರಿಗೆ ಅವಳಂತೆಯೇ ಕಾಮಾಲೆಯಾಗಿತ್ತು, ಅನಂತ. ಅವರೂ ನಿನ್ನ ಮಾತ್ರೆ ತಿಂದವರು. ನಿನ್ನ ಲೆಕ್ಕದಲ್ಲಿ ಅವರೂ ಗುಂಟೂರಿಗೆ ಹೋದವರೇ.

ದೀಪಾವಳಿಗೆ ಬಂದಾಗ ನೀನು ಆಡಿದ ಮಾತು ಈಗ ತಿಳಿಯುತ್ತಿದೆ. ಪರೀಕ್ಷೆಯ ಖರ್ಚು ಕಂಪನಿಯದು, ಅಂಕಿಅಂಶ ಕೂಡಿಸಿದವರು ಕಂಪನಿಯವರು, ಪ್ರಬಂಧ ಬರೆದವರೂ ಅವರೇ, ಮೊದಲ ಹೆಸರು ಮಾತ್ರ ನಿನ್ನದು. ಅವರು ಒಪ್ಪದೆ ಒಂದು ಸಾಲೂ ಬದಲಾಗುವಂತಿಲ್ಲ ಎಂದಿದ್ದೆ. ನಾನು ಪದ್ಯ ಓದುವವಳು. ಹೇಳದೆ ಬಿಟ್ಟ ಮಾತಿಗೆ ಎಷ್ಟು ಬಲವಿದೆಯೆಂದು ಬಲ್ಲೆ. ನೀನು ಬಿಟ್ಟದ್ದು ಈಗ ಅಮ್ಮನ ಕಣ್ಣಿನಲ್ಲಿದೆ.

ಪ್ರಬಂಧ ಹಿಂದಕ್ಕೆ ತೆಗೆದುಕೋ ಎಂದು ಇವತ್ತು ಕೇಳುವುದಿಲ್ಲ. ನಾಳೆ ಕೇಳುತ್ತೇನೆ. ಇವತ್ತು ಒಂದೇ ಒಂದು ಫೋನು ಮಾಡು. ಆ ಮಾತ್ರೆ ಬೇಡಮ್ಮ ಅನ್ನು. ಯಾಕೆ ಎಂದು ಅವಳು ಕೇಳುತ್ತಾಳೆ. ಆ ಪ್ರಶ್ನೆಗೆ ಹೆದರಿಯೇ ನೀನು ಫೋನು ತೆಗೆಯುತ್ತಿಲ್ಲ ಎಂದು ನನಗೆ ಅನುಮಾನ. ಹಾಗಿದ್ದರೆ ಯಾವುದಾದರೂ ಸುಳ್ಳು ಕಾರಣವನ್ನೇ ಹೇಳೋ. ಚಿಕ್ಕವನು ನೀನು, ಆದರೂ ನಿನ್ನ ಕಾಲಿಗೆ ಬೀಳುತ್ತೇನೆ.

ನಿನ್ನ ಅಕ್ಕ,
ಸುಪ್ರಜಾ

ತಾ.ಕ.: ಮಡಿಸುತ್ತಿದ್ದೆ, ಅಮ್ಮ ಓದಿ ಹೇಳೆಂದಳು. ಪೂರ್ತಿ ಓದಿದೆ, ಕೊಂಡಮ್ಮನ ಮಾತನ್ನೂ. ಕಟ್ಟುತ್ತಿದ್ದ ಹೂವನ್ನು ಪಕ್ಕಕ್ಕಿಟ್ಟಳು. ಆಮೇಲೆ, "ಈಗ ನಾ ಬಿಟ್ಟೆ ಅಂದ್ರ, ಅವ ಬರದದ್ದು ಸುಳ್ಳು ಅಂತ ಹೆತ್ತಾಕಿನೇ ಹೇಳಿದಂಗ ಆಗ್ತದಲ್ಲ, ಸುಪ್ರಜಾ" ಎಂದು, ನನ್ನೆದುರಿಗೇ ಮಾತ್ರೆ ನುಂಗಿ ನೀರು ಕುಡಿದಳು.