ನಾನೂ ಕೈ ಎತ್ತಿದೆ

ಮೇ ೯, ಶನಿವಾರ

ಈ ಮನೆಯ ಸೊಸೆಯಾಗಿ ನಾನು ಹಾಕಿದ ಮೊದಲ ವೋಟು ಒಬ್ಬಳನ್ನು ಹೊರಗೆ ಹಾಕಲು! ಸೋಂಕಿನ ಭಯಕ್ಕೆ ಕಟ್ಟಡದವರೆಲ್ಲ ಸಭೆ ಸೇರಿದ್ದರು. ಮೇಲಿನ ಮಹಡಿಯ ನರ್ಸ್ ಅಕ್ಕನಿಂದ ಮನೆ ಖಾಲಿ ಮಾಡಿಸಬೇಕು, ಒಪ್ಪುವವರು ಕೈ ಎತ್ತಿ ಎಂದರು. "ನಮ್ಮ ಸೊಸೇನೂ ಎಣಿಸ್ಕೊಳ್ಳಿ" ಎಂದರು ಅತ್ತೆ. ಎಷ್ಟು ಉಬ್ಬಿಹೋದೆನೋ, ನಗುತ್ತಲೇ ಕೈ ಎತ್ತಿಬಿಟ್ಟೆ. ಸಿವಿಕ್ಸ್‌ನಲ್ಲಿ ಕ್ಲಾಸಿಗೇ ಫಸ್ಟ್ ಬರುತ್ತಿದ್ದವಳು ನಾನು!

ಬಾಗಿಲಲ್ಲಿ ನಿಂತಿದ್ದ ಅಕ್ಕ ನನ್ನನ್ನೇ ನೋಡಿ, "ಏನಮ್ಮಾ ಮದುಮಗಳೇ, ಡ್ಯೂಟಿ ಬಿಟ್ಟು ನಿನ್ನ ಮದುವೆಗೆ ಬರಲಿಲ್ಲ ಅಂತ ಸಿಟ್ಟಾ?" ಎಂದಳು. ಎಲ್ಲರೂ ನಕ್ಕರು.

"ಅಮ್ಮನಿಗೆ ಈಗ ನೀನಂದ್ರೆ ಪಂಚಪ್ರಾಣ" ಎಂದು ಹೇಳಿ ಇವರು ನಿದ್ದೆಹೋದರು. ಇದೇ ಮಾತಿಗೆ ಎಷ್ಟು ಹಂಬಲಿಸಿದ್ದೆ! ಮೇಲೆ ಅಕ್ಕ ಸಾಮಾನು ಕಟ್ಟುವ ಸದ್ದು ಕೇಳುತ್ತಿದೆ. ಹೋಗಿ ಒಂದು ಪೆಟ್ಟಿಗೆಯನ್ನಾದರೂ ಹಿಡಿಯೋಣವೆಂದರೆ, ಯಾವ ಮುಖ ಹೊತ್ತುಕೊಂಡು ಹೋಗಲಿ?